ಚೌಕಿ ಮನೆಗೂ ಒಂದು ಪಾಲು ಬೇಕು

ಮುಂಡಿಗೆಯ ಬುಡ ಕೊಳೆತರೆ ಮುಂಡಿಗೆಯೇ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ತೀರ್ಥಹಳ್ಳಿ ಸೀಮೆಯ ಒಂದು ಚೌಕಿ ಮನೆಯಲ್ಲಿ ನಾನು ಕಂಡ ಆಚಾರಿ ಹಾಗೆ ಅಂದುಕೊಳ್ಳಲಿಲ್ಲ. ತೊಲೆಯ ಅಡಿಗೆ ಎರಡು ಊರುಗಂಬ ಕೊಟ್ಟು, ಜಾಕ್ ಏರಿಸಿ, ಮಾಡಿನ ಭಾರವನ್ನೆಲ್ಲ ಅವುಗಳ ಮೇಲೆ ಹೊರಿಸಿದರು. ಗೆದ್ದಲು ತಿಂದಿದ್ದ ಒಂದೂವರೆ ಅಡಿಯನ್ನು ಓರೆಯಾಗಿ ಕೊಯ್ದು ತೆಗೆದರು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಹಲಸಿನ ತುಂಡನ್ನು ಅದೇ ಓರೆಗೆ ಕೆತ್ತಿ, ಕಚ್ಚಿಗೆ ಕಚ್ಚು ಕೂಡಿಸಿ, ಅಡ್ಡಲಾಗಿ ಮರದ ಗೂಟ ಬಡಿದರು. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಜಾಕ್ ಇಳಿಸಿದಾಗ ಮೇಲಿನ ತೊಲೆ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಬೆಸೆದ ಜಾಗದ ಮೇಲೆ ಬೆರಳಾಡಿಸಿದರೆ ಕೂದಲೆಳೆಯಷ್ಟೂ ಸಂದು ಸಿಗಲಿಲ್ಲ. ಅದನ್ನು ನೋಡಿ ಬಂದ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ನಾನು ಹೋಗಿದ್ದು ಮರಗೆಲಸ ನೋಡಲಿಕ್ಕಲ್ಲ. ಮಲೆನಾಡಿನಲ್ಲಿ ಒಂದೊಂದೇ ಚೌಕಿ ಮನೆ ಬಿಚ್ಚಿಹೋಗುತ್ತಿರುವ ಹೊತ್ತಿನಲ್ಲಿ ಆ ಮನೆಯ ಯಜಮಾನರಾದ ಅಡಿಕೆ ಬೆಳೆಗಾರರು ತಮ್ಮದನ್ನು ಉಳಿಸಿಕೊಳ್ಳಲು ಹೊರಟಿದ್ದಾರಲ್ಲ, ದುಡ್ಡು ಎಲ್ಲಿಂದ ತಂದರು ಎಂದು ಕೇಳಬೇಕಿತ್ತು. ಅವರಿಗೆ ಅರವತ್ತು ದಾಟಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಳೇ ಮರದ ವ್ಯಾಪಾರಿಗಳು ಬಂದು ಕಂಬಕ್ಕಿಷ್ಟು, ಬಾಗಿಲಿಗಿಷ್ಟು ಎಂದು ದರ ಹೇಳಿ ಹೋಗಿದ್ದಾರೆ. ಕೆತ್ತನೆಯ ಬಾಗಿಲೊಂದಕ್ಕೆ ಕೈಮೇಲೆ ರೊಕ್ಕ ಎಣಿಸುವವರಿದ್ದಾರೆ. ಅದೇ ಬಾಗಿಲನ್ನು ಇದ್ದಲ್ಲೇ ಉಳಿಸುತ್ತೇನೆಂದರೆ ಕೊಡುವವರಿಲ್ಲ.

ಅವರ ದುಡ್ಡು ಒಂದೇ ಕಡೆಯಿಂದ ಬಂದಿಲ್ಲ. ಎರಡು ವರ್ಷದ ಅಡಿಕೆ ಬಂದಷ್ಟೂ ಮಾಡಿಗೆ ಹೋಯಿತು. ಸೋರುವುದು ನಿಲ್ಲದೆ ಕೆಳಗೆ ಏನು ಮಾಡಿದರೂ ವ್ಯರ್ಥ ಎಂಬುದು ಆಗುಂಬೆ ಮಳೆಯ ಆಸುಪಾಸಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಣ್ಣತಮ್ಮಂದಿರು ಕೈಲಾದಷ್ಟು ಹಾಕಿದರು. ಉಳಿದದ್ದಕ್ಕೆ ದುರಸ್ತಿ ಸಾಲ. ಇಳಿಸಿದ ಹೆಂಚಿನಲ್ಲಿ ಒಡೆಯದ್ದನ್ನೆಲ್ಲ ತಿಕ್ಕಿ ತೊಳೆದು ಮತ್ತೆ ಹೊದಿಸಿದ್ದರಿಂದ ಖರ್ಚು ಎಷ್ಟೋ ಇಳಿಯಿತು.

ಆ ಹೆಂಚಿನ ರಾಶಿಯ ಹತ್ತಿರ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತೆ. ಮಗುಚಿ ನೋಡಿದರೆ ಅಡಿಯಲ್ಲಿ ಉಬ್ಬಚ್ಚಿನ ಅಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಮನೆಯವರು ಮನೆಗೂ ಅದೇ ವಯಸ್ಸು ಕೊಟ್ಟಿದ್ದರು. ಆದರೆ 1865 ಹೆಂಚು ಸುಟ್ಟ ವರ್ಷವಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ನೇತ್ರಾವತಿಯ ದಂಡೆಯ ಜೇಡಿಯನ್ನು ಅಚ್ಚಿಗೊತ್ತಿ ಸುಟ್ಟ ಹೆಂಚಿನ ಮೇಲೆ ಆ ಇಸವಿಯನ್ನು ದಶಕಗಟ್ಟಲೆ ಒತ್ತುತ್ತಲೇ ಬಂದರು. ಒಂದರ ತೋಡಿಗೆ ಇನ್ನೊಂದರ ಏಣು ಕೂರುವ ಆ ಚಪ್ಪಟೆ ಹೆಂಚಿನ ಕಲ್ಪನೆ ಇನ್ನೂ ಹಿಂದಿನದು. 1840ರ ದಶಕದಲ್ಲಿ ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು ರೂಪಿಸಿದ್ದು. ಅಲ್ಲಿಂದ ಮಂಗಳೂರಿಗೆ, ಮಂಗಳೂರಿನಿಂದ ಘಟ್ಟ ಹತ್ತಿ ಈ ಅಂಗಳಕ್ಕೆ. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷರ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಆಮೇಲಿನ ಹೆಂಚಿನ ಮೇಲೆ ಕಾಮನ್‌ವೆಲ್ತ್ ಹೆಸರಿದೆ. ಅದೇ ರಾಶಿಯಲ್ಲಿ ಅಂಥವೂ ಸಿಕ್ಕವು. ಅಂದರೆ ಬೇರೆ ಬೇರೆ ಕಾಲದಲ್ಲಿ ಈ ಮಾಡಿಗೆ ಹೆಂಚು ಬಿದ್ದಿದೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ಹಳೆಯ ಮನೆಗೆ ನೆರವು ಕೇಳಲು ಹೊರಟವರಿಗೆ ಮೊದಲು ಎದುರಾಗುವುದೇ ವಯಸ್ಸಿನ ಪ್ರಶ್ನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪಟ್ಟಿಯಲ್ಲಿ ಹೆರಿಟೇಜ್ ಹೋಟೆಲ್ ಎನಿಸಿಕೊಳ್ಳಲು ಕಟ್ಟಡ 1950ಕ್ಕಿಂತ ಹಿಂದಿನದಾಗಿರಬೇಕು, ಮೇಲಿನ ದರ್ಜೆಗಳಿಗೆ 1935ಕ್ಕಿಂತ ಹಿಂದಿನದು. ಹೆಂಚಿನ ಅಡಿಯ ಇಸವಿ ತೋರಿಸಿದರೆ ನಡೆಯುವುದಿಲ್ಲ. ಈ ಮನೆಯಲ್ಲಿ ಆಧಾರ ಸಿಕ್ಕಿದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿ: ಅಜ್ಜನ ಕಾಲದ ವಿಭಾಗಪತ್ರ, ಅದರಲ್ಲಿ ಚಕ್ಕುಬಂದಿ ಸಮೇತ ಮನೆಯ ವಿವರ. ಹಳೆಯ ಕಂದಾಯ ರಸೀದಿ, ತಾರೀಖು ಬರೆದಿಟ್ಟ ಮದುವೆಯ ಫೋಟೊ, ಕೈಬರಹದ ಲೆಕ್ಕದ ಪುಸ್ತಕ, ಇವೆಲ್ಲ ಹಣಕ್ಕೆ ಸಮ. ದಯವಿಟ್ಟು ಹಬ್ಬದ ಹಿಂದಿನ ದಿನ ಅಟ್ಟ ಗುಡಿಸಿ ಒಲೆಗೆ ಹಾಕಬೇಡಿ.

ಇನ್ನು ಬ್ಯಾಂಕಿನ ಮಾತು. ಹಳ್ಳಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಅದು ಸಿಗಬೇಕಾದರೆ ಖಾತೆ ಸರಿಯಿರಬೇಕು. ಖಾತೆ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಪಾಲುದಾರರೆಲ್ಲ ಒಂದೆಡೆ ಕೂರಬೇಕು. ನನ್ನ ಅನುಭವದಲ್ಲಿ ಹಳೆಯ ಮನೆಗಳು ಮಳೆಗಿಂತ ಹೆಚ್ಚು ಬಿದ್ದಿರುವುದು ಇಲ್ಲೇ, ಹಿಸ್ಸೆ ಆಗದ ಜಗಳದಲ್ಲಿ. ಅದು ಬಗೆಹರಿದ ಮೇಲೆ ಮೌಲ್ಯ ಕಟ್ಟುವವರು ಬರುತ್ತಾರೆ. ಕಟ್ಟಡಕ್ಕೆ ವಯಸ್ಸಾದಷ್ಟೂ ಸವಕಳಿ ಕಳೆಯುವುದು ಅವರ ಲೆಕ್ಕ. ನೂರು ವರ್ಷದ ಮಣ್ಣಿನ ಗೋಡೆಗೆ ಅದರಲ್ಲಿ ಬೆಲೆಯೇ ಉಳಿಯುವುದಿಲ್ಲ, ಜಾಗಕ್ಕಷ್ಟೇ ಬೆಲೆ. 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲೂ ಮಣ್ಣಿನ ಗೋಡೆ ಎಂದರೆ ಕಚ್ಚಾ. ಯಂತ್ರದಲ್ಲಿ ಒತ್ತಿದ ಹೆಂಚು ಪಕ್ಕಾ, ಕುಂಬಾರರು ಕೈಯಲ್ಲಿ ಮಾಡಿದ ನಾಡಹೆಂಚು ಕಚ್ಚಾ.

ಆದಾಯ ತೆರಿಗೆಯ ನಿಯಮ ನನ್ನನ್ನು ಇನ್ನೂ ಹೆಚ್ಚು ಕಾಡಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ, ಸ್ವಂತ ವಾಸದ ಮನೆ ಕಟ್ಟಲು ತಂದ ಸಾಲಕ್ಕೆ ವರ್ಷಕ್ಕೆ 2 ಲಕ್ಷ ರೂಪಾಯಿ ತನಕದ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಇದ್ದ ಮನೆಯ ದುರಸ್ತಿಗೆ ತಂದ ಸಾಲವಾದರೆ ಮಿತಿ 30,000 ರೂಪಾಯಿ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಎರಡೂ ಇಲ್ಲ. ಹೊಸದು ಕಟ್ಟುವವನಿಗೆ ಸಿಕ್ಕಿದ್ದು ಕಾಪಾಡುವವನಿಗೆ ಯಾಕೆ ಸಿಗಬಾರದು? ಇದು ತಪ್ಪು, ತಿದ್ದಬೇಕಾದ ತಪ್ಪು.

ಹೋಮ್‌ಸ್ಟೇ ಮಾಡಿ, ಮನೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ ಎನ್ನುವವರಿದ್ದಾರೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಚೆನ್ನಾಗಿ ನಡೆಸುತ್ತಿರುವವರು ಕೊಡಗಿನಿಂದ ಶಿರಸಿಯವರೆಗೆ ಇದ್ದಾರೆ. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಆಗುಂಬೆಯ ದೊಡ್ಡಮನೆಗೆ ಜನ ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಆದರೆ ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಕೋಣೆಗೊಂದು ಬಚ್ಚಲು ಬೇಕೆಂದು ಮಣ್ಣಿನ ಗೋಡೆ ಕೊರೆದು ಪೈಪು ಎಳೆದಲ್ಲಿ ತೇವ ಶುರುವಾಗುತ್ತದೆ. ಈ ಮನೆಯಲ್ಲೇ ಬಾವಿಕಟ್ಟೆಯ ಕಡೆಯ ಗೋಡೆಗೆ ಹಿಂದೆ ಯಾರೋ ಸಿಮೆಂಟು ಮೆತ್ತಿದ್ದರು. ಅಂಗೈಯಗಲ ಚಕ್ಕೆ ಎಬ್ಬಿಸಿದರೆ ಕಡುಬೇಸಿಗೆಯಲ್ಲೂ ಒಳಗಿನ ಮಣ್ಣು ಹಸಿಹಸಿ. ಗೋಡೆಯೊಳಗಿನ ನೀರು ಸುಣ್ಣದ ಗಾರೆಯಲ್ಲಿ ಆವಿಯಾಗಿ ಹೊರಬೀಳುತ್ತದೆ, ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಸಾಲ ಸಿಕ್ಕಿತೆಂದು ಮೊದಲು ಸಿಮೆಂಟು ತರಿಸಿದರೆ ಆ ಸಾಲವೇ ಮನೆಯನ್ನು ಬೀಳಿಸುತ್ತದೆ.

ಹೆಸರಾಂತರ ಮನೆಗಾದರೆ ದಾರಿ ತೆರೆಯುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಊರೇ ಎದ್ದಿತು. ಕೊನೆಗೆ ಸರ್ಕಾರಿ ಹಣದಲ್ಲಿ ಅದನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಒಳ್ಳೆಯದೇ ಆಯಿತು. ಆದರೆ ಕಾದಂಬರಿ ಬರೆಯದವರ ಮನೆಗೆ?

ಪುದುಚೇರಿಯ ವೈಶ್ಯಾಳ್ ಬೀದಿ ಅದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿರುವುದು ಸಾಮಾನ್ಯ ತಮಿಳು ಮನೆತನಗಳ ತಿಣ್ಣೆಯ ಮನೆಗಳು, ನಮ್ಮ ಜಗುಲಿಯಂತೆಯೇ. ಐರೋಪ್ಯ ಒಕ್ಕೂಟದ ಏಷ್ಯಾ-ಅರ್ಬ್ಸ್ ಕಾರ್ಯಕ್ರಮದಡಿ 2002ರಿಂದ 2004ರ ನಡುವೆ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್ ಅಲ್ಲಿ ಕೆಲಸ ಮಾಡಿತು. ಮನೆಯ ಮುಂಭಾಗದ ಜೀರ್ಣೋದ್ಧಾರಕ್ಕೆ ಅರ್ಧ ಹಣ ಯೋಜನೆಯದು, ಅರ್ಧ ಮನೆಯವರದು. 2008ರಲ್ಲಿ ಆ ಬೀದಿಗೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿ ಬಂತು. 2017ರಲ್ಲಿ ವಿಶ್ವಪರಂಪರೆಯ ನಗರವಾದ ಅಹಮದಾಬಾದಿನದು ಇನ್ನೊಂದು ಬಗೆ. ಪಟ್ಟಿಯಲ್ಲಿರುವ ಹಳೆಯ ಮನೆಯವರು ತಮ್ಮ ಜಾಗದ ಮೇಲೆ ಎತ್ತರಕ್ಕೆ ಕಟ್ಟುವ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಿ, ಆ ಹಣದಿಂದ ಮನೆ ದುರಸ್ತಿ ಮಾಡಿಕೊಳ್ಳಬಹುದು. ಇದು ಜಾಗಕ್ಕೆ ಚಿನ್ನದ ಬೆಲೆಯಿರುವ ನಗರಕ್ಕೆ ಸರಿ. ತೀರ್ಥಹಳ್ಳಿಯ ಅಡಿಕೆ ತೋಟದ ನಡುವೆ ಆ ಹಕ್ಕನ್ನು ಕೊಳ್ಳುವವರಾರು? ನಮ್ಮ ಹಳ್ಳಿಗಳಿಗೆ ಹೊಂದುವುದು ಪುದುಚೇರಿಯ ಅರ್ಧ-ಅರ್ಧದ ದಾರಿಯೇ.

ಪಾಲು ಹಾಕುವ ಆ ಪದ್ಧತಿ ಕರ್ನಾಟಕಕ್ಕೆ ಹೊಸದೇನಲ್ಲ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಹಳೆಯ ದೇಗುಲಗಳನ್ನು ಎತ್ತಿ ನಿಲ್ಲಿಸುತ್ತಿರುವುದು ಹೀಗೆಯೇ: ಸರ್ಕಾರದ ಪಾಲು, ಟ್ರಸ್ಟಿನ ಪಾಲು, ಊರವರ ಪಾಲು. ಕಲ್ಲಿನ ಗುಡಿಗೆ ಸಾಧ್ಯವಾಗಿದ್ದು ಮರದ ಮನೆಗೆ ಸಾಧ್ಯವಾಗದು ಎಂದು ನಾನು ಒಪ್ಪುವುದಿಲ್ಲ. ಮಾಡಿಗೊಂದು ಪಾಲು ಸರ್ಕಾರ ಕೊಡಲಿ, ಸಾಕು. ಗೋಡೆ, ನೆಲ, ಬಾಗಿಲನ್ನು ಮನೆಯವರೇ ನಿಧಾನಕ್ಕೆ ನೋಡಿಕೊಳ್ಳುತ್ತಾರೆ. ಪ್ರತಿಯಾಗಿ ಇಷ್ಟು ವರ್ಷ ಕೆಡವುವುದಿಲ್ಲ, ಕಂಬ-ಬಾಗಿಲು ಮಾರುವುದಿಲ್ಲ ಎಂದು ಬರೆಸಿಕೊಳ್ಳಲಿ. ತೀರ್ಥಹಳ್ಳಿಯ ಆ ಮನೆಯ ಯಜಮಾನರನ್ನು ಕೇಳಿದೆ. “ಇವತ್ತೇ ರುಜು ಹಾಕ್ತೀನಿ” ಎಂದರು.

ಅಲ್ಲಿಯವರೆಗೆ ಹಳೆಯ ಮನೆಯಿರುವವರಲ್ಲಿ ನನ್ನ ಕೋರಿಕೆ ಇಷ್ಟು. ಗಾರೆಯವರನ್ನು ಕರೆಯುವ ಮೊದಲು ಪ್ರತಿ ಕೋಣೆಯ, ಪ್ರತಿ ತೊಲೆಯ ಫೋಟೊ ತೆಗೆದಿಡಿ, ಅಳತೆ ಬರೆದಿಡಿ. ಖಾತೆಯನ್ನು ಈ ವರ್ಷವೇ ಸರಿಮಾಡಿಸಿ. 1984ರಿಂದ ಇಂಥ ಕೆಲಸದಲ್ಲೇ ಇರುವ ಇಂಟ್ಯಾಕ್‌ನ ಶಾಖೆಗಳು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿವೆ. ಅವರು ಹಣ ಕೊಡುತ್ತಾರೆಂದು ಹೋಗಬೇಡಿ, ಯಾವ ಗೋಡೆ ನಿಲ್ಲುತ್ತದೆ, ಯಾವುದು ನಿಲ್ಲದು ಎಂದು ತಿಳಿದವರಿಂದ ಕೇಳಲು ಹೋಗಿ. ಮತ್ತು ಈ ಮಳೆಗಾಲಕ್ಕೆ ಮುಂಚೆ, ಬೇರೇನೂ ಆಗದಿದ್ದರೂ, ಒಡೆದ ಹೆಂಚನ್ನು ಬದಲಾಯಿಸಿ.