ಬೀಗ ಹಾಕುವ ಹೊತ್ತು ಯಾವುದು?

ಅಂಗಡಿಯಲ್ಲಿ ಮೂರು ಡಬ್ಬಿ ಟ್ಯೂನಾ ಮೀನು ಕೊಳ್ಳುವವರು ನಾಲ್ಕನೆಯದೊಂದನ್ನು ಕೊಂಡು ಮಂಚದ ಕೆಳಗಿಡಿ, ಜೊತೆಗೊಂದು ಹಾಲಿನ ಪುಡಿ ಪೊಟ್ಟಣವೂ ಇರಲಿ. 2006ರಲ್ಲಿ ಅಮೆರಿಕದ ಆರೋಗ್ಯ ಸಚಿವ ಮೈಕ್ ಲೆವಿಟ್ ತಮ್ಮ ಜನರಿಗೆ ಹೀಗೊಂದು ಸಲಹೆ ಕೊಟ್ಟರು. ಟಿ.ವಿ. ಹಾಸ್ಯಗಾರರಿಗೆ ಹಬ್ಬವಾಯಿತು. ಲೆವಿಟ್ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಅಲೆದು ಅದನ್ನೇ ಹೇಳಿದರು: ಫ್ಲೂ ಮಹಾಮಾರಿ ಬಂದರೆ ವಾಷಿಂಗ್ಟನ್ ಎಲ್ಲ ಊರಿಗೂ ಓಡಿ ಬರಲಾರದು, ಆಯಾ ಊರು, ಶಾಲೆ, ಕಂಪನಿ ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು.

ಈ ಗಾಬರಿಗೆ ಕಾರಣವಿತ್ತು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ ಆರು ಮಂದಿಯನ್ನು ಕೊಂದಿದ್ದ ಎಚ್5ಎನ್1 ಹಕ್ಕಿಜ್ವರ 2003ರ ನಂತರ ಏಷ್ಯಾದಲ್ಲಿ ಮತ್ತೆ ಕಾಣಿಸಿಕೊಂಡಿತ್ತು. 2005ರ ಬೇಸಿಗೆ ರಜೆಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ 1918ರ ಮಹಾಜ್ವರ ಕುರಿತು ಜಾನ್ ಬ್ಯಾರಿ ಬರೆದ ಪುಸ್ತಕ ಓದಿದರು. ರಜೆ ಮುಗಿಸಿ ಬಂದವರೇ ನಮ್ಮ ಯೋಜನೆ ಎಲ್ಲಿ ಎಂದು ಕೇಳಿದರು. ಇದ್ದದ್ದು ಲಸಿಕೆಯ ಯೋಜನೆ ಮಾತ್ರ. ಗಡಿ, ವ್ಯಾಪಾರ, ಶಾಲೆ, ಕಚೇರಿ ಇವುಗಳ ಗತಿ ಏನೆಂದು ಅದರಲ್ಲಿರಲಿಲ್ಲ. ಶ್ವೇತಭವನದಲ್ಲಿ ಜೈವಿಕ ರಕ್ಷಣೆಯ ಹೊಣೆ ಹೊತ್ತಿದ್ದ ಭಾರತ ಮೂಲದ ವೈದ್ಯ ರಾಜೀವ್ ವೆಂಕಯ್ಯ ಒಹಾಯೊದ ತಂದೆತಾಯಿಯ ಮನೆಗೆ ಹೋಗಿ ಕೂತು ಹೊಸ ಕಾರ್ಯನೀತಿಯ ಮೊದಲ ಕರಡು ಬರೆದರು. ನವೆಂಬರ್ 1ರಂದು ಬುಷ್ ಅದನ್ನು ಪ್ರಕಟಿಸಿ 710 ಕೋಟಿ ಡಾಲರ್ ಬೇಡಿಕೆ ಇಟ್ಟರು. ಹಣದ ಸಿಂಹಪಾಲು ಲಸಿಕೆ, ಔಷಧಿಗಳಿಗೇ.

ಆದರೆ ಹೊಸ ವೈರಾಣುವಿಗೆ ಲಸಿಕೆ ತಯಾರಾಗಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಏನು ಮಾಡುವುದು? ವೆಂಕಯ್ಯ ಕಟ್ಟಿದ ಪುಟ್ಟ ತಂಡದಲ್ಲಿ ಈ ಪ್ರಶ್ನೆಯನ್ನು ಬೆನ್ನಟ್ಟಿದವರು ರಿಚರ್ಡ್ ಹ್ಯಾಚೆಟ್ ಮತ್ತು ಕಾರ್ಟರ್ ಮೆಕರ್. ಇಬ್ಬರೂ ವೈದ್ಯರು, ಸಾಂಕ್ರಾಮಿಕ ರೋಗಶಾಸ್ತ್ರದ ಪಂಡಿತರಲ್ಲ. ಅದೇ ಅವರಿಗೆ ಅನುಕೂಲವಾಯಿತು ಎಂದು ನನ್ನ ಅನಿಸಿಕೆ. ‘ಇದೆಲ್ಲ ಆಗದ ಮಾತು’ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ನೆರವು ಬಂದದ್ದು ನಿರೀಕ್ಷಿಸದ ಕಡೆಯಿಂದ. ನ್ಯೂ ಮೆಕ್ಸಿಕೊದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ರಾಬರ್ಟ್ ಗ್ಲಾಸ್ ಎಂಬ ವಿಜ್ಞಾನಿ ಶಾಲೆಯಲ್ಲಿ ಓದುತ್ತಿದ್ದ ಮಗಳ ವಿಜ್ಞಾನ ಪ್ರಾಜೆಕ್ಟ್ ಬೆಳೆಸಿ ಕಂಪ್ಯೂಟರಿನಲ್ಲಿ ಹತ್ತು ಸಾವಿರ ಜನರ ಒಂದು ಊರನ್ನೇ ಹುಟ್ಟುಹಾಕಿದ್ದರು. ಆ ಊರಿಗೆ 1957ರ ಏಷ್ಯನ್ ಫ್ಲೂನಂಥ ಜ್ವರ ಬಿಟ್ಟರೆ ಅರ್ಧ ಊರು ಮಲಗುತ್ತಿತ್ತು. ಶಾಲೆ ಮುಚ್ಚಿ ಮಕ್ಕಳನ್ನೂ ಹದಿಹರೆಯದವರನ್ನೂ ಮನೆಯಲ್ಲೇ ಇರಿಸಿದರೆ ಸೋಂಕು ಶೇ 90ಕ್ಕಿಂತ ಹೆಚ್ಚು ಇಳಿಯುತ್ತಿತ್ತು. ತಂದೆ, ಮಗಳ ಹೆಸರುಗಳೆರಡನ್ನೂ ಹೊತ್ತ ಪ್ರಬಂಧ 2006ರ ನವೆಂಬರಿನಲ್ಲಿ ಅಚ್ಚಾಯಿತು.

ಲೆಕ್ಕವನ್ನು ಕಣ್ಣಾರೆ ನೋಡಬೇಕೆಂದು ಮೆಕರ್ ಶಾಲೆಗಳಿಗೇ ಹೋದರು. ತರಗತಿಯಲ್ಲಿ ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ, ಬಸ್ಸಿನ ಸೀಟು ಎಷ್ಟು ಅಗಲ ಎಂದು ಅಳೆದರು. ದೊಡ್ಡವರು ದಿನವಿಡೀ ಇಷ್ಟು ಒತ್ತೊತ್ತಾಗಿ ಕೂರುವ ಜಾಗ ಅಮೆರಿಕದಲ್ಲಿ ಎಲ್ಲೂ ಇಲ್ಲ ಎಂಬುದು ಅವರಿಗೆ ಖಾತ್ರಿಯಾಯಿತು.

ಎಲ್ಲರೂ ಒಪ್ಪಲಿಲ್ಲ. ಸಿಡುಬು ನಿರ್ಮೂಲನೆಯ ಜಾಗತಿಕ ಆಂದೋಲನವನ್ನು ನಡೆಸಿದ್ದ ಡಿ.ಎ. ಹೆಂಡರ್ಸನ್ ಅವರೇ ಎದುರು ನಿಂತರು. ನಿತ್ಯದ ಬದುಕು ಆದಷ್ಟೂ ಅಡ್ಡಿಯಿಲ್ಲದೆ ಸಾಗಿದರೇನೇ ಊರು ಪಿಡುಗನ್ನು ಚೆನ್ನಾಗಿ ಎದುರಿಸುತ್ತದೆ ಎಂಬುದು ಅವರ ಅನುಭವದ ಮಾತು. ಮನೆಯಲ್ಲಿರುವ ಮಗುವನ್ನು ನೋಡಿಕೊಳ್ಳಲು ತಾಯಿಯೋ ತಂದೆಯೋ ಕೆಲಸ ಬಿಟ್ಟರೆ ಆ ಮನೆ ನಡೆಯುವುದು ಹೇಗೆ? ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆಯಾಗಿರಲಿಲ್ಲ ಅದು.

ಕಂಪ್ಯೂಟರಿನ ಊರು ಸಾಕ್ಷಿಯಾಗದು ಎಂದಾಗ ಹ್ಯಾಚೆಟ್, ಮೆಕರ್ ಹಳೆಯ ದಾಖಲೆಗಳತ್ತ ಹೊರಳಿದರು. 1918ರ ಫಿಲಡೆಲ್ಫಿಯಾದಲ್ಲಿ ನಾಗರಿಕರಲ್ಲಿ ಮೊದಲ ಪ್ರಕರಣ ಗೊತ್ತಾದದ್ದು ಸೆಪ್ಟೆಂಬರ್ 17ರಂದು. ಯುದ್ಧಸಾಲ ಎತ್ತುವ ಮೆರವಣಿಗೆಯನ್ನು ನಿಲ್ಲಿಸಿ ಎಂದು ವೈದ್ಯರು ಬೇಡಿಕೊಂಡರೂ ನಗರದ ಆರೋಗ್ಯಾಧಿಕಾರಿ ವಿಲ್ಮರ್ ಕ್ರೂಸೆನ್ ಕೇಳಲಿಲ್ಲ. ಸೆಪ್ಟೆಂಬರ್ 28ರಂದು ಎರಡು ಲಕ್ಷ ಜನ ಬೀದಿಯಲ್ಲಿ ನೆರೆದರು. ಶಾಲೆ, ಚರ್ಚು, ನಾಟಕಶಾಲೆಗಳಿಗೆ ಬೀಗ ಬಿದ್ದದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್‌ನಲ್ಲಿ ಅಕ್ಟೋಬರ್ 5ರಂದು ಜ್ವರ ಪತ್ತೆಯಾಯಿತು, 7ರಂದು ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಬೀಗ ಹಾಕಿಸಿದರು. ಫಿಲಡೆಲ್ಫಿಯಾದಲ್ಲಿ ಅತಿ ಕೆಟ್ಟ ವಾರದ ಸಾವು ಲಕ್ಷಕ್ಕೆ 257. ಸೇಂಟ್ ಲೂಯಿಸ್‌ನಲ್ಲಿ 31. ಎರಡು ವಾರಕ್ಕೂ ಎರಡು ದಿನಕ್ಕೂ ಇರುವ ಅಂತರ ಅಷ್ಟು.

ಸೇಂಟ್ ಲೂಯಿಸ್‌ನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇದನ್ನು ಉದಾಹರಿಸುವವರು ಮುಂದಿನದನ್ನು ಹೇಳುವುದು ಕಡಿಮೆ. ನಾಟಕಶಾಲೆಯವರು, ವರ್ತಕರು ಸ್ಟಾರ್ಕ್‌ಲಾಫ್ ಮೇಲೆ ಮುಗಿಬಿದ್ದರು. ನವೆಂಬರಿನಲ್ಲಿ ನಿರ್ಬಂಧ ಸಡಿಲಿಸಿದರು, ಜ್ವರ ಮತ್ತೆ ಏರಿತು, ಮತ್ತೆ ಬಿಗಿ ಮಾಡಬೇಕಾಯಿತು. ಬೇಗ ಮುಚ್ಚಿದ ಊರಿನಲ್ಲಿ ಹೆಣ ಬಿದ್ದಿರುವುದಿಲ್ಲ. ಹೆಣ ಬೀಳದಿದ್ದಾಗ ಮುಚ್ಚಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಯಾವ ಅಧಿಕಾರಿಗೂ ಕಷ್ಟ.

ಹ್ಯಾಚೆಟ್, ಮೆಕರ್ ನಡೆಸಿದ 17 ನಗರಗಳ ಈ ಅಧ್ಯಯನವೂ, ಹೋವರ್ಡ್ ಮಾರ್ಕೆಲ್ ಮತ್ತು ಮಾರ್ಟಿನ್ ಸೆಟ್ರಾನ್ ತಂಡದ 43 ನಗರಗಳ ಅಧ್ಯಯನವೂ 2007ರಲ್ಲಿ ಹೊರಬಂದವು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿ.ಡಿ.ಸಿ., ಚಂಡಮಾರುತಗಳಿಗೆ ಇರುವಂತೆ ಮಹಾಮಾರಿಗೂ ಒಂದರಿಂದ ಐದರವರೆಗೆ ದರ್ಜೆ ನಿಗದಿ ಮಾಡಿ, ತೀವ್ರ ದರ್ಜೆಯಲ್ಲಿ ಹನ್ನೆರಡು ವಾರದವರೆಗೂ ಶಾಲೆ ಮುಚ್ಚಬಹುದು ಎಂದಿತು.

ವ್ಯಾಪಾರಿಗಳ ಪಾಲಿನ ಪಾಠ ಅದಕ್ಕೂ ಮುಂಚೆಯೇ, 2005ರ ಡಿಸೆಂಬರಿನಲ್ಲೇ, ಸರ್ಕಾರದ ಒಂದು ಚೆಕ್‌ಲಿಸ್ಟ್ ರೂಪದಲ್ಲಿ ಬಂದಿತ್ತು. ದೇಶದ ವಿದ್ಯುತ್, ದೂರಸಂಪರ್ಕ, ಬ್ಯಾಂಕು, ಸಾಗಣೆಯಂಥ ಮೂಲ ವ್ಯವಸ್ಥೆಯಲ್ಲಿ ಶೇ 85ರಷ್ಟು ಖಾಸಗಿಯವರ ಕೈಯಲ್ಲಿದೆ ಎಂಬುದು ಸರ್ಕಾರದ ಅಂದಾಜು. ಮಹಾಮಾರಿಯ ಉತ್ತುಂಗದಲ್ಲಿ ಶೇ 40ರಷ್ಟು ನೌಕರರು ಬರದೇ ಇರಬಹುದು, ಕೆಲವರು ಕಾಯಿಲೆಯಿಂದ, ಕೆಲವರು ಮನೆಯವರ ಆರೈಕೆಗೆ, ಕೆಲವರು ಬರೀ ಹೆದರಿಕೆಯಿಂದ. ಹಾಗಾಗಿ ಚೆಕ್‌ಲಿಸ್ಟ್ ಹೇಳಿತು: ಒಬ್ಬ ಹೊಣೆಗಾರನನ್ನು ನೇಮಿಸಿ, ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೋ ಗುರುತಿಸಿ ಅವರ ಕೆಲಸವನ್ನು ಇನ್ನೊಬ್ಬರಿಗೂ ಕಲಿಸಿ, ಮನೆಯಿಂದ ಕೆಲಸ ಮಾಡುವ ಏರ್ಪಾಡು ಮಾಡಿ. ಜ್ವರ ಬಂದವನಿಗೆ ರಜೆ ಹಾಕಿದ್ದಕ್ಕೆ ಶಿಕ್ಷೆಯಾಗದ ನಿಯಮ ಮಾಡಿ ಎಂಬುದೂ ಆ ಪಟ್ಟಿಯಲ್ಲಿತ್ತು. ಉಳಿದದ್ದಕ್ಕೆಲ್ಲ ಕಂಪ್ಯೂಟರು, ಕಡತ, ಸಭೆ ಸಾಕು. ಈ ಒಂದಕ್ಕೆ ಮಾತ್ರ ಸಂಬಳದ ಲೆಕ್ಕ ಬೇಕು.

2009ರಲ್ಲಿ ಎಚ್1ಎನ್1 ಬಂದಾಗ ನೂರಾರು ಶಾಲೆಗಳು ಮುಚ್ಚಿದವು. ಕಾಯಿಲೆ ಅಂದುಕೊಂಡಷ್ಟು ಘೋರವಲ್ಲ ಎಂದು ಗೊತ್ತಾದ ಕೂಡಲೇ ಸಿ.ಡಿ.ಸಿ. ಸಲಹೆ ಹಿಂಪಡೆಯಿತು. ಯೋಜನೆಗಳು ಕಪಾಟು ಸೇರಿದವು.

ಕಪಾಟಿನಿಂದ ಅವು ಹೊರಬಂದದ್ದು ಕೋವಿಡ್ ಕಾಲಕ್ಕೆ. ಇತ್ತ ಕಲಬುರಗಿಯಲ್ಲಿ ನಮ್ಮ ದೇಶದ ಮೊದಲ ಕೋವಿಡ್ ಸಾವು ಖಚಿತವಾದ ಮರುದಿನ, 2020ರ ಮಾರ್ಚ್ 13ರಂದು, ಕರ್ನಾಟಕ ಸರ್ಕಾರ ಮಾಲ್, ಸಿನಿಮಾ ಮಂದಿರ, ಪಬ್‌ಗಳನ್ನು ಒಂದು ವಾರ ಮುಚ್ಚುವುದಾಗಿ ಪ್ರಕಟಿಸಿತು. ಗೊತ್ತಿದ್ದೋ ಗೊತ್ತಿಲ್ಲದೆಯೋ, ಸ್ಟಾರ್ಕ್‌ಲಾಫ್ ಹಿಡಿದ ದಾರಿ ಅದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ನೌಕರರನ್ನು ಲ್ಯಾಪ್‌ಟಾಪ್ ಸಮೇತ ಮನೆಗೆ ಕಳಿಸಿ ಕೆಲಸ ಮುಂದುವರಿಸಿದವು. ಸಿನಿಮಾ ಮಂದಿರದ ಗೇಟ್ ಕಾಯುವವನಿಗೂ ಮದುವೆ ಮನೆಗೆ ಬಡಿಸಲು ಹೋಗುವವನಿಗೂ ಮನೆಯಿಂದ ಮಾಡುವ ಕೆಲಸವಿರಲಿಲ್ಲ.

ಚೆಕ್‌ಲಿಸ್ಟ್ ಹುಟ್ಟಿದ ದೇಶದಲ್ಲಿ, ಕಾಯಿಲೆ ಬಿದ್ದವರಿಗೆ ಎರಡು ವಾರದ ಸಂಬಳ ಸಹಿತ ರಜೆ ಕೊಡುವ ಒಕ್ಕೂಟ ಸರ್ಕಾರದ ಕಾನೂನಿಗೆ ಸಹಿ ಬಿದ್ದದ್ದು 2020ರ ಮಾರ್ಚ್ 18ರಂದು, ಪಟ್ಟಿ ಹೊರಟು ಹದಿನಾಲ್ಕು ವರ್ಷದ ಮೇಲೆ. ಐನೂರು ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸಲಿಲ್ಲ. ಆ ವರ್ಷದ ಡಿಸೆಂಬರ್ 31ಕ್ಕೆ ಅದರ ಕಡ್ಡಾಯವೂ ಮುಗಿಯಿತು.