ಬೆನ್ನುಮೂಳೆ ಬೆಸೆಯುವಾಗ ಮೂಳೆಚೂರನ್ನು ಒಳಗೆ ತುಂಬುವುದು ಹೇಗೆ?

ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯಲ್ಲಿ ಸ್ಕ್ರೂ, ರಾಡುಗಳು ಮೂಳೆಗಳನ್ನು ಅಲುಗದಂತೆ ಹಿಡಿದಿಡುತ್ತವೆ, ಅಷ್ಟೆ. ನಿಜವಾದ ಬೆಸುಗೆ ಆಗುವುದು ನಡುವೆ ತುಂಬಿದ ಮೂಳೆಚೂರು ಬೆಳೆದು ಕೂಡಿಕೊಂಡಾಗ. ಅದಕ್ಕೆ ತಿಂಗಳುಗಳೇ ಬೇಕು. 1911ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಹಿಬ್ಸ್ ಮತ್ತು ಆಲ್ಬೀ ಬೆನ್ನುಮೂಳೆಯ ಕ್ಷಯಕ್ಕೆ ಈ ಚಿಕಿತ್ಸೆ ಮಾಡಿದ್ದರು. ಆಲ್ಬೀ ಬಳಸಿದ್ದು ರೋಗಿಯ ಮೊಣಕಾಲ ಕೆಳಗಿನ ಮೂಳೆಯನ್ನು. ಈಗ ಸೊಂಟದ ಮೂಳೆಯಿಂದಲೋ ನರದ ಒತ್ತಡ ತಗ್ಗಿಸಲು ಕೊರೆದ ಜಾಗದಿಂದಲೋ ಚೂರು ತೆಗೆಯುತ್ತಾರೆ.

ಕಷ್ಟವಿರುವುದು ತುಂಬುವುದರಲ್ಲಿ. ಎರಡು ಮೂಳೆಗಳ ನಡುವಿನ ಡಿಸ್ಕ್ ತೆಗೆದ ಸಂದಿನ ಎತ್ತರ ಸುಮಾರು ಒಂದು ಸೆಂಟಿಮೀಟರ್, ಪಕ್ಕದಲ್ಲೇ ನರ. ಚಿಮಟದಲ್ಲಿ ಒಂದೊಂದೇ ಚೂರು ಇಟ್ಟರೆ ಹೊತ್ತು ಹಿಡಿಯುತ್ತದೆ, ಚೂರು ನರದ ಕಡೆ ಜಾರಲೂಬಹುದು. ಹಾಗಾಗಿ ಚಕ್ಕುಲಿ ಒರಳಿನಂತೆ ಒತ್ತುಕೋಲಿರುವ ಕೊಳವೆ ಬಂದಿದೆ. ದಪ್ಪ ಚೂರು ಅದರ ಬಾಯಲ್ಲಿ ಸಿಕ್ಕಿಕೊಳ್ಳುವುದರಿಂದ ಸಣ್ಣಗೆ ಅರೆದು, ರಕ್ತದಲ್ಲಿ ನೆನೆಸಿ ನೂಕುತ್ತಾರೆ. ಸಂದಿನಲ್ಲಿ ಕೇಜ್ ಎಂಬ ಟೊಳ್ಳು ಆಸರೆ ಕೂರಿಸಿದ ಮೇಲೂ ಅದರೊಳಗೆ ಚೂರು ತುಂಬುವ ಸಾಧನಗಳಿವೆ. ಆದರೆ ಸಂದಿನ ಮೇಲೆ ಕೆಳಗಿನ ಮೂಳೆಗಳಿಗೆ ಅಂಟಿದ ಮೃದ್ವಸ್ಥಿಯನ್ನು ಚೆನ್ನಾಗಿ ಕೆರೆಯದಿದ್ದರೆ ಎಷ್ಟು ತುಂಬಿದರೂ ವ್ಯರ್ಥ.

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ರೋಗಿ ಬೀಡಿ, ಸಿಗರೇಟು ಮುಟ್ಟಲೇಬಾರದು. ಹೊಗೆಯಿಂದ ಬೆಸುಗೆ ಕೆಡುವ ಅಪಾಯ ಹೆಚ್ಚುತ್ತದೆ.