ಬೀಗದ ಮನೆಗೆ ಬಂದ ಬಿಲ್ಲು

ಹೊಸ ಮನೆಗೆ ಕಾಲಿಟ್ಟ ದಿನ ಗೃಹಿಣಿಯ ಗಮನವೆಲ್ಲ ಒಲೆಯ ಮೇಲಿನ ಹಾಲಿನ ಕಡೆಗೆ. ಗೃಹಸ್ಥನ ಗಮನ ಸಾಮಾನು ಹೊತ್ತು ತಂದ ಲಾರಿಯವನ ಬಾಡಿಗೆಯ ಕಡೆಗೆ. ಬಾಗಿಲ ಪಕ್ಕದ ಗೋಡೆಯಲ್ಲಿ, ಬೂದು ಬಣ್ಣದ ಪೆಟ್ಟಿಗೆಯೊಳಗೆ ಕುಳಿತು ಸದ್ದಿಲ್ಲದೆ ಲೆಕ್ಕ ಬರೆಯುತ್ತಿರುವ ಮೀಟರಿನ ಕಡೆಗೆ ಯಾರ ದೃಷ್ಟಿಯೂ ಹೊರಳುವುದಿಲ್ಲ. ಹಾಲು ಉಕ್ಕುತ್ತದೆ, ನೆಂಟರು ಉಂಡು ಹೋಗುತ್ತಾರೆ. ತಿಂಗಳು ತುಂಬುವ ಹೊತ್ತಿಗೆ ಗೇಟಿನ ಸಂದಿನಲ್ಲಿ ಒಂದು ಚೀಟಿ ಸಿಕ್ಕಿಸಿರುತ್ತದೆ. ಸಂಸಾರದ ನೆಮ್ಮದಿ ಕದಡುವುದು ಆಗ.

ಮೈಸೂರಿನ ಒಂದು ಬಡಾವಣೆಗೆ ಬಾಡಿಗೆಗೆ ಬಂದ ನಿವೃತ್ತ ಉಪಾಧ್ಯಾಯ ದಂಪತಿಗಳ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಇಬ್ಬರೇ ಇರುವ ಮನೆ. ನಾಲ್ಕು ದೀಪ, ಎರಡು ಫ್ಯಾನು, ಒಂದು ಸಣ್ಣ ಫ್ರಿಜ್ಜು, ವಾರಕ್ಕೆರಡು ದಿನ ಇಸ್ತ್ರಿ ಪೆಟ್ಟಿಗೆ. ಸ್ನಾನದ ನೀರಿಗೆ ಹಿತ್ತಲಿನ ಹಂಡೆಯೊಲೆ. ಹೀಗಿದ್ದೂ ಮೊದಲ ತಿಂಗಳ ಬಿಲ್ಲಿನಲ್ಲಿ 310 ಯೂನಿಟ್ಟುಗಳ ಬಳಕೆ ನಮೂದಾಗಿತ್ತು. ಎರಡನೆಯ ತಿಂಗಳೂ ಅದೇ 310. ಮನುಷ್ಯರು ವಾಸಿಸುವ ಮನೆಯಲ್ಲಿ ಎರಡು ತಿಂಗಳು ಒಂದೇ ಅಂಕಿ ಬರುವುದು ಜಾತಕಗಳೆರಡು ಅಕ್ಷರಶಃ ಒಂದಾದಂತೆ. ಅಲ್ಲಿ ಏನೋ ಕೈಬರಹದ ಮಹಿಮೆ ಇರಲೇಬೇಕು.

ಮಹಿಮೆ ಇದ್ದುದು ಬಿಲ್ಲಿನ ಮೂಲೆಯಲ್ಲಿದ್ದ ಒಂದು ಗುರುತಿನಲ್ಲಿ. ಡೋರ್ ಲಾಕ್, ಎಂದರೆ ಬಾಗಿಲು ಹಾಕಿದೆ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ದಂಪತಿಗಳು ಬೆಳಗ್ಗೆ ಎಂಟಕ್ಕೆ ಮಗಳ ಮನೆಗೆ ಹೊರಟರೆ ಮರಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಮೀಟರ್ ರೀಡರು ಬಂದಾಗಲೆಲ್ಲ ಗೇಟಿಗೆ ಬೀಗ. ಮೀಟರು ಕಾಣದಿದ್ದಲ್ಲಿ ಹಿಂದಿನ ಬಿಲ್ಲುಗಳ ಸರಾಸರಿ ಹಿಡಿದು ಅಂದಾಜು ಬಿಲ್ಲು ಕೊಡುವುದು ಪದ್ಧತಿ. ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ಹಿಂದಿನ ಬಿಲ್ಲುಗಳು ಈ ದಂಪತಿಗಳವಲ್ಲ. ಅದೇ ಮನೆಯಲ್ಲಿ ಮೊದಲಿದ್ದ ಏಳು ಜನರ ಸಂಸಾರದವು. ಆ ಏಳು ಜನರ ಬಿಸಿನೀರು, ವಾಷಿಂಗ್ ಮೆಷಿನ್ನು, ರಾತ್ರಿಯಿಡೀ ಉರಿದ ದೀಪ ಎಲ್ಲವೂ ಸರಾಸರಿಯ ರೂಪ ತಾಳಿ, ಪಿಂಚಣಿಯ ಮೇಲೆ ಬದುಕುವ ಇಬ್ಬರು ವೃದ್ಧರ ತಲೆಯ ಮೇಲೆ ಇಳಿದಿದ್ದವು. ಮೀಟರಿಗೆ ಅಂಟಿಕೊಂಡಿರುವುದು ಆರ್.ಆರ್. ನಂಬರು, ಮನೆಯೊಳಗೆ ಯಾರಿದ್ದಾರೆಂಬುದು ಅದಕ್ಕೆ ತಿಳಿಯದು.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. 2023ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ರಿಯಾಯಿತಿ ಪೂರ್ತಿ ತಪ್ಪಿ, ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ನಿಜವಾಗಿ ಐವತ್ತು ಅರವತ್ತು ಯೂನಿಟ್ ಸುಡುವ ಮನೆಗೆ ಅಂದಾಜಿನ 310 ಬಂದರೆ ಆಗುವ ಅನ್ಯಾಯ ಇಮ್ಮಡಿ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆಯನ್ನು ಬಿಡಿಸಿಕೊಳ್ಳದೆ ಹೋಗಿದ್ದರಂತೂ ಹೊಸಬರ ಅರ್ಜಿಯೇ ಮುಂದೆ ಸಾಗದು.

ಈ ಪ್ರಸಂಗದಲ್ಲಿ ಸಂಸಾರವನ್ನು ಕಾಪಾಡಿದುದು ಒಂದು ಪಂಚಾಂಗ. ಮನೆಯ ಹಿರಿಯಾಕೆಗೆ ಹಾಲಿನ ಲೆಕ್ಕ, ಅಗಸನ ಲೆಕ್ಕ ಎಲ್ಲವನ್ನೂ ಪಂಚಾಂಗದ ಅಂಚಿನಲ್ಲಿ ಗುರುತು ಹಾಕುವ ಅಭ್ಯಾಸ. ಗೃಹಪ್ರವೇಶದ ದಿನ ಯಾವ ಯೋಚನೆಯಿಂದಲೋ ಆಕೆ ಮೀಟರಿನ ಅಂಕಿಯನ್ನೂ ಬರೆದಿಟ್ಟಿದ್ದರು: 8748. ಹಿಂದಿನವರ ಕೊನೆಯ ಬಿಲ್ಲಿನಲ್ಲಿದ್ದ ಅಂಕಿ 8742. ನಡುವಿನ ಆರು ಯೂನಿಟ್ಟು ಸುಣ್ಣ ಬಣ್ಣ ಹೊಡೆದವರ ಪಾಲು. ಎರಡನೆಯ ಬಿಲ್ಲು ಬಂದ ಸಂಜೆ ಉಪಾಧ್ಯಾಯರು ಕನ್ನಡಕ ಏರಿಸಿ ನೋಡಿದರೆ ಮೀಟರು ತೋರಿಸುತ್ತಿದ್ದುದು 8851. ಎರಡು ತಿಂಗಳ ನಿಜವಾದ ಬಳಕೆ 109 ಯೂನಿಟ್. ಬಿಲ್ಲು ಕೇಳಿದ್ದು 620ಕ್ಕೆ. ಉರಿಯದೆಯೇ ಉರಿದ 511 ಯೂನಿಟ್ಟುಗಳ ಲೆಕ್ಕ ಹಿಡಿದು ಅವರು ಮರುದಿನ ಕಚೇರಿಯ ಮೆಟ್ಟಿಲೇರಿದರು.

"ಈಗ ಕಟ್ಟಿಬಿಡಿ ಸ್ವಾಮಿ, ಮುಂದೆ ರೀಡಿಂಗ್ ತೆಗೆದಾಗ ವಜಾ ಆಗುತ್ತದೆ," ಎಂದರು ಕಿಟಕಿಯಾಚೆಯ ಗುಮಾಸ್ತರು.

"ಮುಂದೆಯೂ ಬೀಗವೇ ಇದ್ದರೆ?"

ಗುಮಾಸ್ತರು ಉತ್ತರ ಹೇಳದೆ ಮುಂದಿನವರ ಚೀಟಿಗೆ ಕೈ ಚಾಚಿದರು.

ಗುಮಾಸ್ತರು ಸುಳ್ಳು ಹೇಳಿರಲಿಲ್ಲ. ಓದು ಸಿಕ್ಕ ದಿನ ಅಂದಾಜು ಸರಿಹೊಂದಲೇಬೇಕು. ಆದರೆ ಅಲ್ಲಿಯವರೆಗೆ ಹಣ ಗ್ರಾಹಕನ ಜೇಬಿನಿಂದ ಹೊರಗಿರುತ್ತದೆ ಎಂಬುದೂ ಅಷ್ಟೇ ನಿಜ. ಈ ಗೊಂದಲಕ್ಕೆಂದೇ 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ದಾರಿಯಿದೆ. ಮೀಟರು ಕೈಗೆಟುಕದಿದ್ದಲ್ಲಿ ಗ್ರಾಹಕನೇ ಅದರ ಚಿತ್ರ ತೆಗೆದು, ಅಂಕಿ ಮತ್ತು ದಿನಾಂಕದೊಡನೆ ಮೊಬೈಲಿನಿಂದ ಕಳುಹಿಸಬಹುದು. ಒಂದು ಹಣಕಾಸು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಅಂದಾಜು ಬಿಲ್ಲು ಕೊಡಕೂಡದು. ಮನೆ ಖಾಲಿ ಮಾಡುವಾಗ ವಿಶೇಷ ಓದು ತೆಗೆಸಿ ಅಂತಿಮ ಬಿಲ್ಲು ಪಡೆಯಲೂ ಅವಕಾಶವುಂಟು. ಮನೆ ಬಿಡುವ ಗಡಿಬಿಡಿಯಲ್ಲಿ ಆ ಕೆಲಸ ಮಾಡುವವರು ನೂರಕ್ಕೊಬ್ಬರು ಸಿಕ್ಕರೆ ಹೆಚ್ಚು. ಬಿಟ್ಟುಹೋಗುವ ಮೀಟರಿನ ಮೇಲೆ ಯಾರಿಗೆ ತಾನೆ ಮಮತೆ?

ಹಣ ಕಟ್ಟದಿದ್ದರೆ ಲೈನು ಕತ್ತರಿಸುತ್ತಾರೆಂಬ ಭಯ ದೊಡ್ಡದು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 56ನೆಯ ಪ್ರಕರಣದಂತೆ ಹದಿನೈದು ದಿನಗಳ ಲಿಖಿತ ನೋಟೀಸಿಲ್ಲದೆ ಸಂಪರ್ಕ ಕಡಿಯುವಂತಿಲ್ಲ. ತಕರಾರಿರುವ ಗ್ರಾಹಕ ಕೇಳಿದ ಮೊತ್ತವನ್ನೋ, ಹಿಂದಿನ ಆರು ತಿಂಗಳು ತಾನು ಕಟ್ಟಿದ ಸರಾಸರಿಯನ್ನೋ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಡನೆ ಠೇವಣಿಯಿಟ್ಟರೆ ವಿವಾದ ತೀರುವವರೆಗೆ ದೀಪ ಉರಿಯುತ್ತದೆ. ಎರಡು ತಿಂಗಳ ಹಿಂದೆ ಬಂದವನಿಗೆ ಆರು ತಿಂಗಳ ಸರಾಸರಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಮಾತ್ರ ಉಳಿದೇ ಇರುತ್ತದೆ. ಕಚೇರಿಯಲ್ಲಿ ಬಗೆಹರಿಯದ ದೂರಿಗೆ ಅದೇ ಅಧಿನಿಯಮದ 42ನೆಯ ಪ್ರಕರಣದಂತೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ. ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ.

ಹಿಂದಿನವರು ಉಳಿಸಿಹೋದ ಬಾಕಿಯ ಮಾತು ಬೇರೆ. ಕೊಂಡ ಮನೆಗೆ ಹೊಸ ಸಂಪರ್ಕ ಕೇಳುವಾಗ ಹಳೆಯ ಮಾಲೀಕನ ಬಾಕಿಯನ್ನು ತೀರಿಸೆಂದು ಷರತ್ತು ಹಾಕಲು ನಿಯಮಾವಳಿಗಳಲ್ಲಿ ಅವಕಾಶವಿದ್ದರೆ ಅದು ಊರ್ಜಿತವೆಂದು ಸರ್ವೋಚ್ಚ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ಮನೆ ಕೊಳ್ಳುವವರು ಖಾತೆ, ಕಂದಾಯದ ರಸೀದಿಗಳ ಜೊತೆಗೆ ಕೊನೆಯ ಕರೆಂಟು ಬಿಲ್ಲನ್ನೂ ಕೇಳಿ ಪಡೆಯುವುದು ಕ್ಷೇಮ.

ಉಪಾಧ್ಯಾಯರು ವೇದಿಕೆಯವರೆಗೆ ಹೋಗಬೇಕಾಗಲಿಲ್ಲ. ಮೀಟರಿನ ಚಿತ್ರ, ಪಂಚಾಂಗದ ಹಾಳೆ, ಬಾಡಿಗೆಯ ಕರಾರುಪತ್ರ ಇವನ್ನು ಲಗತ್ತಿಸಿ ಅರ್ಜಿ ಬರೆದು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡರು. ಉಪವಿಭಾಗದ ಎಂಜಿನಿಯರರು ಅರ್ಜಿಯನ್ನು ಓದಿ, "ಮೀಟರೇ ನಿಧಾನವಾಗಿ ಓಡುತ್ತಿಲ್ಲವೆಂದು ಹೇಗೆ ಹೇಳುತ್ತೀರಿ, ಮೇಷ್ಟ್ರೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಮೀಟರನ್ನು ಪರೀಕ್ಷಿಸುವುದು ಬ್ರಹ್ಮವಿದ್ಯೆಯಲ್ಲ. ಸಾವಿರ ವಾಟಿನ ಉಪಕರಣವೊಂದು ಒಂದು ಗಂಟೆ ಕೆಲಸ ಮಾಡಿದರೆ ಒಂದು ಯೂನಿಟ್. ಎರಡು ಸಾವಿರ ವಾಟಿನ ಗೀಸರು ಅದನ್ನು ಅರ್ಧ ಗಂಟೆಯಲ್ಲಿ ನುಂಗುತ್ತದೆ. ಎಪ್ಪತ್ತೈದು ವಾಟಿನ ಫ್ಯಾನಿಗೆ ಹದಿಮೂರು ಗಂಟೆ ಬೇಕು. ಒಂಬತ್ತು ವಾಟಿನ ಎಲ್.ಇ.ಡಿ. ದೀಪ ನಾಲ್ಕೂವರೆ ದಿನ ಹಗಲಿರುಳು ಉರಿಯಬೇಕು. ಹಳೆಯ ಮೀಟರುಗಳಲ್ಲಿ ಅಲ್ಯುಮಿನಿಯಂ ತಟ್ಟೆಯೊಂದು ಅಡ್ಡಲಾಗಿ ತಿರುಗುತ್ತಿತ್ತು. ಮಕ್ಕಳು ಅದರ ಕೆಂಪು ಗುರುತು ಸುತ್ತಿಬರುವುದನ್ನು ಎಣಿಸುತ್ತ ನಿಲ್ಲುತ್ತಿದ್ದರು. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆಗೆ ಬದಲು ಮಿನುಗುವ ಕೆಂಪು ದೀಪವಿದೆ. ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಫಲಕದ ಮೇಲೆಯೇ ಅಚ್ಚಾಗಿರುತ್ತದೆ. ಉಪಾಧ್ಯಾಯರ ಮೀಟರಿನಲ್ಲಿ ಅದು 3200. ಮಿಕ್ಕೆಲ್ಲ ಆರಿಸಿ ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆಯೊಂದನ್ನೇ ಹಚ್ಚಿದರೆ, ಅದು ಕಾದು ತಾನೇ ಆರುವ ಮೊದಲು ನಿಮಿಷಕ್ಕೆ ಐವತ್ತಮೂರು ಮಿನುಗು ಬರಬೇಕು. ಗಡಿಯಾರ ಹಿಡಿದು ಎಣಿಸಿದರು, ಐವತ್ತಮೂರೇ ಬಂತು. ಮೀಟರು ಸತ್ಯವಂತನೆಂದು ಸಿದ್ಧವಾಯಿತು.

ಎಣಿಕೆಯ ಉತ್ಸಾಹದಲ್ಲಿ ಮರುದಿನ ಮುಂಜಾನೆ ಅವರು ಮೇನ್ ಸ್ವಿಚ್ಚನ್ನೇ ಆರಿಸಿ ನೋಡಿದರು. ಮನೆಯೆಲ್ಲ ಕತ್ತಲು. ಕೆಂಪು ದೀಪ ಮಾತ್ರ ಸೆಕೆಂಡಿಗೊಂದರಂತೆ ಮಿನುಗುತ್ತಲೇ ಇತ್ತು. ಅಂಗಳದಲ್ಲಿ ಮಹಡಿಯ ಮೇಲಿನ ಮನೆಯ ಒಡೆಯರ ಸಂಪಿನ ಮೋಟಾರು ಗುಂಯ್‌ಗುಡುತ್ತಿತ್ತು. ಯಾವ ಕಾಲದಲ್ಲೋ ಯಾವ ಮಿಸ್ತ್ರಿಯೋ ಮೋಟಾರಿನ ತಂತಿಯನ್ನು ಕೆಳಮನೆಯ ಮೀಟರಿನ ಬೆನ್ನಿಗೇ, ಸ್ವಿಚ್ಚಿನ ಆಚೆ ಕಟ್ಟಿಹೋಗಿದ್ದ. ಒಂದು ಅಶ್ವಶಕ್ತಿಯ ಮೋಟಾರು ದಿನಕ್ಕೆ ಅರ್ಧ ಗಂಟೆ ಓಡಿದರೆ ಸುಮಾರು ಅರ್ಧ ಯೂನಿಟ್. ಎರಡು ತಿಂಗಳಿಗೆ ಮೂವತ್ತು. ಸಾಧಿಸಿಕೊಂಡ 109ರಲ್ಲೂ ಮೂವತ್ತು ತಮ್ಮದಲ್ಲವೆಂದು ಗೊತ್ತಾದಾಗ ಉಪಾಧ್ಯಾಯರು ನಕ್ಕರೋ ನಿಟ್ಟುಸಿರಿಟ್ಟರೋ, ಪಕ್ಕದಲ್ಲಿದ್ದ ಅವರ ಪತ್ನಿಗೇ ಸ್ಪಷ್ಟವಾಗಲಿಲ್ಲ.

ಕಚೇರಿಯವರು ಬಂದು ಓದು ತೆಗೆದು, ವಾರದೊಳಗೆ ಬಿಲ್ಲು ತಿದ್ದಿಕೊಟ್ಟರು. ಮೇಲಿನ ಮನೆಯ ಒಡೆಯರೊಡನೆ ಆ ಮಾತನ್ನೆತ್ತುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು. ಕಾನೂನು, ಕಲಮು, ವೇದಿಕೆ ಯಾವುದೂ ಅಲ್ಲಿ ಒದಗಿಬರುವಂತಿರಲಿಲ್ಲ. ಕೊನೆಗೆ ಹಿರಿಯಾಕೆಯೇ ಒಂದು ತಟ್ಟೆ ಕೋಡುಬಳೆ ಮುಚ್ಚಿಕೊಂಡು ಮಹಡಿ ಹತ್ತಿದರು. "ಅಯ್ಯೋ, ನಮಗೂ ಗೊತ್ತಿರಲಿಲ್ಲ ಕಣಮ್ಮ," ಎಂದು ಮನೆಯೊಡತಿ ಗಾಬರಿಯಾದರಂತೆ. ಭಾನುವಾರ ವೈರ್‌ಮನ್ ಬಂದ. ಮೋಟಾರಿನ ತಂತಿ ಮೇಲಿನ ಮೀಟರಿಗೆ ಸೇರಿತು. ಅಂದಿನ ಅಂಕಿಯೂ ಪಂಚಾಂಗದ ಅಂಚಿನಲ್ಲಿದೆ: 8863.